ಉಬ್ಬಲು ಬಿಟ್ಟ ಜಾಗ

ಎದುರಿಗೆ ಯಾವ ಮರ ಕಂಡರೂ ಅದನ್ನು ನಡುಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳದೆ ದೋಣಿ ಬಡಗಿಗೆ ಸಮಾಧಾನವಿಲ್ಲ. ಕಣ್ಣಿನ ಡಾಕ್ಟರ ಮೇಜನ್ನೂ ತಟ್ಟಿ, "ಒಳಗೆ ಹುಳ ಹಿಡಿದಿದೆ ಸ್ವಾಮಿ, ನನ್ನ ಕಣ್ಣು ಆಮೇಲೆ ನೋಡಿ" ಎಂದವನು. ಎಡಗಾಲನ್ನು ತುಸು ಎಳೆದು ನಡೆಯುತ್ತಾನೆ. ಮೊಣಕೈ ಹರಿದ ಕಂದು ಕೋಟಿನ ಜೇಬಿನಲ್ಲಿ ಸದಾ ಹತ್ತಿಯ ಹುರಿ, ದೋಣಿಯ ಹಲಗೆಗಳ ಸಂದಿಗೆ ತುರುಕುವಂಥದ್ದು.

ಆ ಹುರಿಯೇ ಒಮ್ಮೆ ಅವನ ಕೆಲಸವನ್ನು ಕೆಡಿಸಿತ್ತು. ಇಪ್ಪತ್ತೆರಡರ ಹುರುಪಿನಲ್ಲಿ, ಅಪ್ಪನ ಮೋಟಾರು ದೋಣಿಯ ಒಣಗಿದ ಹಲಗೆಗಳ ನಡುವೆ ಒಂದು ಹನಿಯೂ ನುಸುಳದಂತೆ ಹುರಿ ಜಡಿದು ನೀರಿಗಿಳಿಸಿದ್ದ. ನೀರು ಕುಡಿದ ಹಲಗೆಗಳು ಉಬ್ಬಿದವು. ಉಬ್ಬಲು ಜಾಗ ಸಾಲದೆ ಒಂದನ್ನೊಂದು ನೂಕಿ, ತಮ್ಮನ್ನು ಒಳಗಿನಿಂದ ಹಿಡಿದಿದ್ದ ಪಕ್ಕೆಮರಗಳನ್ನೇ ಮುರಿದವು. ಅಪ್ಪ ಬೈಯಲಿಲ್ಲ. ದೋಣಿಯನ್ನು ಶೆಡ್ಡಿಗೆ ಎಳೆಸಿ, ಬಾಗಿಲು ಹಾಕಿ, ಸಾಯುವತನಕ ಅದರ ಮಾತೆತ್ತಲಿಲ್ಲ.

ನಲವತ್ತು ವರ್ಷದ ಮೇಲೆ ಅವನೇ ಆ ಬಾಗಿಲು ತೆರೆದ. ಮಾಡಿನ ಬಿರುಕಿನಿಂದ ಇಳಿದ ಬಿಸಿಲು ದೋಣಿಯ ಬೆನ್ನಿನ ಮೇಲೆ ನೀರಿನಂತೆ ಅಲುಗುತ್ತಿದ್ದ ಆ ಶೆಡ್ಡಿನಲ್ಲಿ, ಎರಡು ವರ್ಷ, ಹೊಸ ಪಕ್ಕೆಗಳನ್ನು ಹಬೆಯಲ್ಲಿ ಬಾಗಿಸಿ ಕೂರಿಸಿದ, ಕೊಳೆತ ಹಲಗೆ ಕಿತ್ತು ಬೇರೆಯದು ಹೊಂದಿಸಿದ. ಹೊರಗೆ ಋತುಗಳು ಕಳೆದದ್ದು ಅವನಿಗೆ ನಿದ್ದೆಯಲ್ಲಿ ಕೇಳಿದ ಸದ್ದಿನಷ್ಟೇ. ಹುರಿಯನ್ನು ಮಾತ್ರ ಸಡಿಲವಾಗಿ ತುಂಬಿದ.

ನೀರಿಗಿಳಿಸಿದ ಬೆಳಗ್ಗೆ ಸಂದುಸಂದಿನಿಂದಲೂ ನೀರು ಜಿನುಗಿತು. ದಂಡೆಯಲ್ಲಿದ್ದ ಅಕ್ಕನಿಗೆ ಹಳೆಯ ದಿನವೇ ಕಣ್ಣಿಗೆ ಕಟ್ಟಿತು.

"ಲೋ, ಮತ್ತೆ ಹಾಳು ಮಾಡ್ತೀಯೇನೋ? ಎಳ್ಸೋ ಮೇಲಕ್ಕೆ!"

"ಇರಕ್ಕಾ, ಕುಡೀಲಿ. ನಲವತ್ತು ವರ್ಷದ ಬಾಯಾರಿಕೆ ಅದಕ್ಕೆ."

"ನಿನ್ನ ತಲೆ! ಮೊಣಕಾಲಿಗೆ ಬಂತು ನೀರು."

"ಕೋಟು ಒದ್ದೆಯಾದ್ರೆ ನೀನೇ ಒಗೀಬೇಕಲ್ಲ, ಅದಕ್ಕೆ ಕೂಗ್ತಿದೀಯ."

ಹಾಗೆಂದನಾದರೂ ದೋಣಿಯೊಳಗೆ ನಿಂತು ಬಕೆಟ್ಟಿನಲ್ಲಿ ನೀರು ಮೊಗೆಯುತ್ತ, ಪ್ರತಿ ಸಲವೂ ಪಕ್ಕೆಗಳತ್ತ ಕಿವಿಗೊಡುತ್ತಿದ್ದ. ಈ ಸಲ ಪಕ್ಕೆ ಮುರಿದರೆ ಇನ್ನೊಮ್ಮೆ ಕಟ್ಟುವಷ್ಟು ಆಯಸ್ಸು ಉಳಿದಿರಲಿಲ್ಲ. ದೋಣಿ ಮುಳುಗದಂತೆ ಹಗ್ಗದ ಜೋಲಿಯಲ್ಲಿ ತೂಗಿಬಿಟ್ಟು, ಮೊಗೆಯುತ್ತಲೇ ಇದ್ದ.

ಮರುದಿನ ಮಧ್ಯಾಹ್ನ ಬಕೆಟ್ಟು ತಳದ ಮರಕ್ಕೆ ಕರಕರನೆ ತಾಗಿತು. ಹಲಗೆಗಳು ಉಬ್ಬಿ ಸಂದು ಮುಚ್ಚಿದ್ದವು, ಹೊಸ ನೀರು ಬರಲಿಲ್ಲ. ಅವನು ಬಗ್ಗಿ, ಪಕ್ಕೆಗಳನ್ನು ಒಂದೊಂದಾಗಿ ತಟ್ಟುತ್ತ, ಕೇಳುತ್ತ, ಮುಂತುದಿಯಿಂದ ಹಿಂತುದಿಯವರೆಗೆ ಹೋದ. ಒಂದೂ ಒಡಕು ದನಿ ಕೊಡಲಿಲ್ಲ. ಅಕ್ಕ ಸೀರೆ ಎತ್ತಿ ಹಿಡಿದು ಒಳಗೆ ಬಂದು ಅಪ್ಪನ ಜಾಗದಲ್ಲಿ ಕೂತಳು.

"ಕೋಟು ಬಿಚ್ಚು," ಎಂದಳು. "ಒಣಗ್ಲಿ."

ತಪ್ಪನ್ನು ಮಾತಿನಲ್ಲಿ ಒಪ್ಪಿಕೊಳ್ಳುವವರು ಬೇಕಾದಷ್ಟು ಮಂದಿ. ಕೆಡಿಸಿದ ಕೆಲಸವನ್ನೇ ಮತ್ತೆ ಕೈಗೆತ್ತಿಕೊಳ್ಳುವವರು ವಿರಳ. ಅಂಥವರು ಬಾಯಿಬಿಟ್ಟು ಕ್ಷಮೆ ಕೇಳಿದ್ದನ್ನು ನಾನು ಕಂಡಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಯುವುದನ್ನು ಕಂಡಿದ್ದೇನೆ.