ಜಲಜಿಯ ಬಾಯಿ

“ಈಕಿ ಏನ್ ಅನ್ನಾಕತ್ತಾಳ?”

ಖಾನಾವಳಿಯ ಹಿಂಬದಿಯ ಅಡುಗೆಮನೆಯಲ್ಲಿ ಲಗಮವ್ವ ವಿಡಿಯೋ ಓಡುತ್ತಿದ್ದ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೇಳಿದಳು. ಅವಳ ದನಿ ಯಾವಾಗಲೂ ಜೋರು. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಿವಿಗಳನ್ನು ಕೊಂಡೊಯ್ದ ಮೇಲೆ, ತನ್ನ ದನಿ ಎಷ್ಟು ದೊಡ್ಡದೆಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ರಾಮವ್ವ ತಿರುಗಿ ನೋಡಿದಳು. ಫೋನು ಅವಳದೇ.

ಊಟದ ಡಬ್ಬಿ ಒಯ್ಯಲು ಬಂದಿದ್ದ ವಿದ್ಯಾ ಅವ್ವನ ಎದುರಿಗೆ ಬಂದು, ತುಟಿ ಓದಲು ಮುಖ ಕಾಣುವಂತೆ ನಿಂತು ಹೇಳಿದಳು: “ಹಾಡಾಕತ್ತಾಳ ಯವ್ವಾ. ನಾ ಬರದ ಜಲಜಿ ಆಕಿ.”

“ಹಾಡಾಕತ್ತಿಲ್ಲ. ಬರೇ ಬಾಯಿ ತಗದು ಮುಚ್ಚಾಕತ್ತಾಳ, ಎಲಿ ಅಡಕಿ ತಿಂದಂಗ.” ಲಗಮವ್ವ ಫೋನನ್ನು ರಾಮವ್ವನತ್ತ ಚಾಚಿದಳು. “ಈ ರಾಮವ್ವನ ಬಾಯಾಗ ಒಂದು ವಾರದಿಂದ ‘ನೀರು, ಮನಿ’ ಅಂತ ಬರಾಕತ್ತೈತಿ. ಬಸ್ಸಿನ್ಯಾಗ ಕಂಡಕ್ಟರನ ಬಾಯಾಗೂ ಅದ. ಕಾಯಿಪಲ್ಲೆ ಮಾರೂ ಬೋರವ್ವನ ಬಾಯಾಗೂ ಅದ. ಊರ ಮಂದಿ ಬಾಯಾಗ ಐತಿ, ಈಕಿ ಬಾಯಾಗ ಇಲ್ಲ.”

ವಿದ್ಯಾ ಪರದೆಯ ಮೇಲಿನ ಬಾಯಿಯನ್ನು ಇನ್ನೊಮ್ಮೆ ನೋಡಿದಳು. ಡಬ್ಬಿ ಹಿಡಿದು ಹೊರಗೆ ಬಂದಳು.

ನವನಗರದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಅವಳು ಮದುವೆ, ಹುಟ್ಟುಹಬ್ಬ, ಚುನಾವಣೆಯ ಬ್ಯಾನರು ಮಾಡುತ್ತಿದ್ದಳು. ಕಾಲೇಜಿನ ಗೆಳೆಯ ಬೀರೇಶ ತಾನು ಕಟ್ಟಿದ ಟ್ಯೂನೊಂದನ್ನು ಕೇಳಿಸಿದಾಗ, ಇಬ್ಬರೂ ಸೇರಿ ಇಲ್ಲದ ಒಂದು ಬ್ಯಾಂಡನ್ನು ಹುಟ್ಟಿಸಿದ್ದರು. ಹೆಸರು ‘ಹಿನ್ನೀರು’. ಅದರಲ್ಲಿ ಮೂವರು: ಹಾಡುವ ಜಲಜಿ, ಡೊಳ್ಳು ಬಾರಿಸುವ ಮಾಳ್ಯಾ, ಗಿಟಾರಿನ ಫಕೀರಿ. ಮೂವರೂ ಬರೀ ಬಣ್ಣದ ಗೆರೆಗಳು. ಅವರ ವಾಸ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಒಂದು ಓಣಿಯಲ್ಲಿ, ನೀರಿನ ಅಡಿಯಲ್ಲಿ. ಮೊದಲ ಹಾಡಿನ ವಿಡಿಯೋದಲ್ಲಿ ಒಂದು ಕೆಂಪು ಬಸ್ಸು ಆ ಓಣಿಯೊಳಗೆ ತೇಲುತ್ತ ಬರುತ್ತದೆ. ಜಲಜಿ ಕಿಟಕಿಯಿಂದ ತಲೆ ಹಾಕಿ, ನೀರಿನಲ್ಲಿ ತೇಲುವ ಎರಡು ಜಡೆಗಳೊಂದಿಗೆ ಹಾಡುತ್ತಾಳೆ:

ನೀರಿನೊಳಗ ನಿಂತೈತಿ ನಮ್ಮ ಮನಿ,
ಬಾಗಲಾ ತೆರದೈತಿ, ಬಾ ಒಳಗ ನೀ.

ಒಂದೂವರೆ ತಿಂಗಳಲ್ಲಿ ನಲವತ್ತು ಲಕ್ಷ ಜನ ಅದನ್ನು ನೋಡಿದ್ದರು. ಬೆಂಗಳೂರಿನ ಒಂದು ಸಂಗೀತ ಕಂಪನಿ ಎರಡನೆಯ ಹಾಡು ಇಪ್ಪತ್ತು ದಿನದೊಳಗೆ ಬೇಕೆಂದು ಬೆನ್ನು ಬಿದ್ದಿತ್ತು.

ವಿದ್ಯಾ ಆ ಓಣಿಯನ್ನು ಬರೆದದ್ದು ಅಲ್ಲೇ ಬೆಳೆದ ಅವ್ವನ ಬಾಯಿಂದ ಕೇಳಿ. ತಂದೆ ಹನಮಂತಪ್ಪ ಕುರಿ ಸಂತೆಗಳ ತಿರುಗಾಟದಲ್ಲಿ ವಾರಕ್ಕೊಮ್ಮೆ ಮನೆ ಸೇರುವವನು. ಮನೆಯಲ್ಲಿ ಮಾತೆಂದರೆ ತಾಯಿ ಮಗಳ ಮಾತೇ. ಯಾವ ಕಟ್ಟೆ ಎಲ್ಲಿತ್ತು, ಯಾರ ಮನೆಯ ಬಾಗಿಲಿಗೆ ಯಾವ ಬಣ್ಣ ಎಂದೆಲ್ಲ ಹೇಳಿದವಳು ಲಗಮವ್ವ. ಚಿತ್ರಗಳನ್ನು ಒಂದೊಂದಾಗಿ ತೋರಿಸಿದಾಗ ಹಿಗ್ಗಿದ್ದಳು. ಆದರೆ ಜಲಜಿಯ ಮುಖಕ್ಕೆ ವಿದ್ಯಾ ಬರೆದದ್ದು ಆರೇ ಬಗೆಯ ಬಾಯಿ. ತಾಳಕ್ಕೆ ತಕ್ಕಂತೆ ಅವನ್ನೇ ಹಿಂದೆ ಮುಂದೆ ಜೋಡಿಸಿದ್ದಳು. ಕಾರ್ಟೂನು ಮಾಡುವವರೆಲ್ಲ ಹಾಗೇ ಮಾಡುತ್ತಾರೆ.

ಅಂದು ಸಂಜೆ ಅಂಗಡಿಯಿಂದಲೇ ಬೀರೇಶನಿಗೆ ಫೋನು ಮಾಡಿದಳು.

“ಮೊದಲನೇ ಹಾಡಿನ ಬಾಯಿ ಎಲ್ಲಾ ಹೊಸದಾಗಿ ಬರೀತೇನಿ. ಅಕ್ಷರಕ್ಕ ಒಂದೊಂದು.”

“ತಲಿ ಕೆಟ್ಟೈತೇನ್ ನಿಂದು? ನಲವತ್ತು ಲಕ್ಷ ಮಂದ್ಯಾಗ ಒಬ್ಬರರೆ ಬಾಯಿ ಬಗ್ಗೆ ಅಂದಾರೇನು?”

“ನಮ್ಮವ್ವ ಅಂದಾಳ.”

“ಅವ್ವಾರಿಗೆ ಹಾಡು ಬರದು ಕೊಡು, ಓದತಾರ. ಕಂಪನಿಯವರು ನಮಗ ಕಾಯೂದಿಲ್ಲ ವಿದ್ಯಾ. ಇಂಥಾ ಅವಕಾಶ ಮತ್ತ ಬರ್ತೈತೇನ?”

“ಗೊತ್ತಿಲ್ಲೋ.”

ಅವನು ಫೋನು ಇಟ್ಟುಬಿಟ್ಟ.

ಅದಕ್ಕಿಂತ ಕಠಿಣವಾದದ್ದು ಇನ್ನೊಂದು ಫೋನು. ಜಲಜಿಗೆ ದನಿ ಕೊಟ್ಟವಳು ಇಳಕಲ್ಲಿನ ನಾಹಿದಾ, ಪ್ರಾಥಮಿಕ ಶಾಲೆಯ ಟೀಚರು. ಅವಳ ಮೇಲಿನ ಎರಡು ಹಲ್ಲು ಮುಂದಕ್ಕೆ ಬಂದಿದ್ದವು. ಮಾತಾಡುವಾಗಲೂ ನಗುವಾಗಲೂ ಓಢಣಿಯ ತುದಿ ಬಾಯಿಗೆ ಹೋಗುತ್ತಿತ್ತು. ರೆಕಾರ್ಡಿಂಗಿನ ದಿನವೂ ಬೀರೇಶನನ್ನು ಕೋಣೆಯ ಹೊರಗೆ ಕಳಿಸಿ, ಗೋಡೆಗೆ ಮುಖ ಮಾಡಿ ಹಾಡಿದ್ದಳು.

“ನಿನ್ನ ಬಾಯಿ ನೋಡಿ ಬರೀಬೇಕಾಗೇತಿ,” ಎಂದಳು ವಿದ್ಯಾ. “ಒಂದೊಂದು ಸಾಲು ನನ್ನ ಮುಂದ ಕುಂತು ಹಾಡಬೇಕು.”

“ನಾ ಈ ಬ್ಯಾಂಡಿಗೆ ಬಂದಿದ್ದ ಬಾಯಿ ತೋರಸೂದು ಬ್ಯಾಡ ಅಂತಲ್ಲೇನ, ವಿದ್ಯಾ?”

“ಹೌದು. ಬ್ಯಾಡಾದ್ರ ಬಿಡು. ಕನ್ನಡಿ ಮುಂದ ನಾನ ಹಾಡಕೊಂಡು ಬರೀತೇನಿ.”

ಅವಳು ಹಾಗೇ ಮಾಡಿ ನೋಡಿದಳು. ನಾಲ್ಕು ದಿನ ಕೆಲಸ ಮುಗಿಸಿ ಬಂದು ಕನ್ನಡಿಯ ಮುಂದೆ ಕೂತು ಮೊದಲ ಸಾಲು ಬರೆದಳು. ಲಗಮವ್ವ ನೋಡಿ, “ನೀನ ಮಾತಾಡಿದಂಗ ಐತಿ. ಹಾಡಿದಂಗ ಇಲ್ಲ,” ಎಂದಳು. ನಿಜವೇ. ಹಾಡುವಾಗ ಬಾಯಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಸಿರಿಗೆ ತೆರೆಯುತ್ತದೆ ಎಂಬುದು ಹಾಡುವವರ ಮುಖದಲ್ಲೇ ಇತ್ತು.

ರವಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು; ಹೊರಗೆ ನಾಹಿದಾ. ಹುನಗುಂದದ ಮೇಲೆ ಹಾದು ಬರುವ ಬಸ್ಸಿನ ಧೂಳು ಅವಳ ಚೀಲದ ಮೇಲಿತ್ತು. “ಒಂದ ದಿನಾ ಅಷ್ಟ,” ಎಂದಳು ನಾಹಿದಾ, ಓಢಣಿಯೊಳಗಿಂದಲೇ.

ವಿದ್ಯಾ ಟ್ಯಾಬ್ಲೆಟ್ ತೊಡೆಯ ಮೇಲಿಟ್ಟುಕೊಂಡಳು. ನಾಹಿದಾ ಎದುರಿಗೆ ಕೂತು ಹಾಡತೊಡಗಿದಳು; ಎರಡನೆಯ ಪದಕ್ಕೇ ಕೈ ಬಾಯಿಗೆ ಬಂತು. ಮತ್ತೆ ಶುರು. ಮತ್ತೆ ಕೈ. ಮೂಲೆಯಲ್ಲಿ ಹಿಟ್ಟು ಸಾಣಿಸುತ್ತಿದ್ದ ಲಗಮವ್ವ ಎದ್ದು ಬಂದಳು. ನಾಹಿದಾಳ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

“ಕೈ ತಗಿ ಯವ್ವಾ. ಕೈ ಅಡ್ಡ ಬಂದ್ರ ನೀ ನನಗ ಏನೂ ಹೇಳಿಲ್ಲದಂಗ ಆಗ್ತೈತಿ.”

“ಹಲ್ಲು ಛಲೋ ಇಲ್ಲರಿ ಅವ್ವಾರ.”

ಲಗಮವ್ವ ಅವಳ ಬಾಯಿಯನ್ನೇ ಕಣ್ಣು ಕಿರಿದು ಮಾಡಿ ನೋಡಿದಳು, ಓದುವವರು ಅಕ್ಷರ ನೋಡುವಂತೆ. “ಯಾರ ಹೇಳಿದ್ರು? ನಲವತ್ತು ವರ್ಷ ಆತು ನಾ ಮಂದಿ ಬಾಯಿ ನೋಡಾಕತ್ತು. ಕೆಲವರು ಗಪ್ಪಂತ ನುಂಗತಾರ, ಕೆಲವರು ಮೀಸ್ಯಾಗ ಮುಚ್ಚತಾರ. ನಿನ್ನ ಮಾತು ತೊಳದಿಟ್ಟಂಗ ಕಾಣತಾವ. ಹಾಡು.”

ನಾಹಿದಾ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಹಾಡಿದಳು.

ಮಧ್ಯಾಹ್ನದ ಹೊತ್ತಿಗೆ ಮೂವರಿಗೂ ಒಂದು ಲಯ ಸಿಕ್ಕಿತ್ತು. ನಾಹಿದಾ ಹಾಡುವುದು, ವಿದ್ಯಾ ಬರೆಯುವುದು, ಬರೆದದ್ದನ್ನು ಓಡಿಸಿದಾಗ ಲಗಮವ್ವ ಓದುವುದು.

“‘ಮಗಳಾ ತೆರದೈತಿ’,” ಎಂದಳು ಲಗಮವ್ವ. “ಇದೇನವಾ, ಮಗಳು ಎಲ್ಲೆರೆ ತೆರೀತೈತೇನು?”

ನಾಹಿದಾ ಬಿದ್ದು ಬಿದ್ದು ನಕ್ಕಳು. “ಬಾಗಲರಿ, ಬಾಗಲ!”

‘ಬ’ ಮತ್ತು ‘ಮ’ ತುಟಿಯ ಮೇಲೆ ಒಂದೇ; ಬೇರೆ ಮಾಡುವುದು ದೀರ್ಘ ಮಾತ್ರ. ವಿದ್ಯಾ ‘ಬಾ’ ಎಂಬಲ್ಲಿ ಬಾಯಿಯನ್ನು ಎರಡು ಚಿತ್ರಗಳಷ್ಟು ಹೆಚ್ಚು ಹೊತ್ತು ತೆರೆದಿಟ್ಟಳು. ಲಗಮವ್ವ ಮತ್ತೆ ನೋಡಿ, “ಹಾಂ, ಬಾಗಲ,” ಎಂದು ಹಿಟ್ಟಿಗೆ ಮರಳಿದಳು.

ಹಾಡಿನಲ್ಲಿ ಬಾವಿಕಟ್ಟೆಯ ಸಾಲಿಗೆ ಬಂದಾಗ ವಿದ್ಯಾಳ ಪೆನ್ನು ನಿಂತಿತು. ಜಲಜಿಯ ಬಾಯಿಯಲ್ಲಿ ‘ಬಾವಿ’ ಆಗುತ್ತಿರಲಿಲ್ಲ. ‘ವ’ ಎನ್ನಲು ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ಜಲಜಿಗೆ ಹಲ್ಲೇ ಇರಲಿಲ್ಲ, ಬರೀ ಒಂದು ಬಿಳಿ ಪಟ್ಟಿ. ನಾಹಿದಾಳ ಹಲ್ಲು ಆ ಅಕ್ಷರವನ್ನು ಎಷ್ಟು ಸಲೀಸಾಗಿ ಹಿಡಿಯುತ್ತಿತ್ತೆಂದರೆ ವಿದ್ಯಾ ಮೂರು ಸಲ ಹೇಳಿಸಿದಳು. ಆಮೇಲೆ ಕೇಳಿದಳು:

“ಈ ಹಲ್ಲು ಜಲಜಿಗೆ ಕೊಡಲೇನು?”

ನಾಹಿದಾಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಟ್ಯಾಬ್ಲೆಟ್ಟನ್ನು ತನ್ನತ್ತ ತಿರುಗಿಸಿಕೊಂಡು ಜಲಜಿಯ ಮುಖವನ್ನು ದಿಟ್ಟಿಸಿದಳು. “ಕೊಡು,” ಎಂದಳು. ಸ್ವಲ್ಪ ತಡೆದು, “ಎರಡೂ ಕೊಡು,” ಎಂದಳು.

ಒಂದು ದಿನವೆಂದು ಬಂದವಳು ಮುಂದಿನ ಮೂರು ರವಿವಾರವೂ ಬಂದಳು. ಈ ನಡುವೆ ಇಪ್ಪತ್ತು ದಿನ ಮುಗಿದವು. ಕಂಪನಿಯವರು ಬೇರೆ ಯಾರನ್ನೋ ನೋಡಿಕೊಂಡಿದ್ದೇವೆ, ಮುಂದೆ ನೋಡೋಣ ಎಂದು ಎರಡು ಸಾಲು ಕಳಿಸಿದರು. ಅದನ್ನು ಬೀರೇಶ ತಾನು, ವಿದ್ಯಾ, ನಾಹಿದಾ ಇದ್ದ ಫೋನಿನ ಗುಂಪಿಗೆ ಹಾಕಿದ. ತನ್ನ ಹಟಕ್ಕೆ ಅವನ ವರ್ಷದ ದುಡಿಮೆ ಬಲಿಕೊಟ್ಟೆನೇನೋ ಎಂದು ವಿದ್ಯಾಳಿಗೆ ಎನಿಸಿತು. ಆದರೂ ಮಾರನೆಯ ದಿನ ಉಳಿದ ಹನ್ನೊಂದು ಸಾಲು ಬರೆಯಲು ಕೂತಳು.

ಹೊಸ ವಿಡಿಯೋ ಏರಿಸಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಹಳೆಯ ಹಾಡೇ ಮತ್ತೆ ಯಾಕೆ ಎಂದು ಕೆಲವರು ಕೇಳಿದರು. ಜಲಜಿಗೆ ಹಲ್ಲು ಯಾವಾಗ ಬಂದವು ಎಂದು ಒಬ್ಬ ಕೇಳಿದ. ಅದಕ್ಕೆ ನಾಹಿದಾ ತನ್ನ ಹೆಸರಿನಲ್ಲೇ, “ಹುಟ್ಟಿದಾಗಿಂದ ಅದಾವ,” ಎಂದು ಉತ್ತರ ಬರೆದಳು. ಮೂರನೆಯ ದಿನ ಜಮಖಂಡಿಯಿಂದ ಇರ್ಫಾನ ಎಂಬಾತ ಬರೆದ: “ನನ್ನ ತಮ್ಮಗ ಕಿವಿ ಕೇಳೂದಿಲ್ಲ. ನಾಕು ಸಲ ನೋಡ್ಯಾನ. ಈಗ ನನಗ ಹೇಳಿಕೊಡಾಕತ್ತಾನ.”

ಅಂದೇ ಬೀರೇಶನಿಂದ ಸಂದೇಶ ಬಂತು. “ದನಿ ಬಂದ್ ಮಾಡಿ ನೋಡಿದೆ. ಪೂರಾ ತಿಳೀತಲೇ. ಎರಡನೇ ಹಾಡಿಗೆ ಮೊದ್ಲು ಬಾಯಿ ಬರಿ, ಆಮ್ಯಾಲ ನಾ ಟ್ಯೂನ್ ಹಾಕ್ತೇನಿ.”

ಲಗಮವ್ವ ಮಾತ್ರ ಹಾಡನ್ನು ಇನ್ನೂ ಇಡಿಯಾಗಿ ನೋಡಿರಲಿಲ್ಲ. ಸಾಲು ಸಾಲಾಗಿ ಓದಿದ್ದಳಷ್ಟೇ. ಮರುದಿನ ಬೆಳಿಗ್ಗೆ ಖಾನಾವಳಿಗೆ ಹೊರಡುವ ಮುಂಚೆ ವಿದ್ಯಾ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಲಗಮವ್ವ ಹಿಟ್ಟಿದ್ದ ಅಗಲ ತಟ್ಟೆಯನ್ನು, ಪರಾತವನ್ನು, ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಕೂತಳು.

ಬಸ್ಸು ತೇಲುತ್ತ ಬಂತು. ಜಲಜಿ ತಲೆ ಹೊರಗೆ ಹಾಕಿದಳು. ಲಗಮವ್ವ ಅವಳ ಬೆನ್ನಿಗೇ ಹೇಳತೊಡಗಿದಳು, ರಾಗವಿಲ್ಲದ ಆ ದೊಡ್ಡ ದನಿಯಲ್ಲಿ, ಅರ್ಧ ಪದ ಹಿಂದೆ ಉಳಿಯುತ್ತ: ನೀರಿನೊಳಗ ನಿಂತೈತಿ ನಮ್ಮ ಮನಿ. ಬಾಗಿಲು ಬಂತು, ಕಟ್ಟೆ ಬಂತು, ಬಾವಿ ಬಂತು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ವಿದ್ಯಾ ಪರದೆ ನೋಡಲಿಲ್ಲ, ಅವ್ವನನ್ನೇ ನೋಡುತ್ತಿದ್ದಳು.

ಹಾಡು ನಿಂತಿತು.

“ಮುಂದ?” ಎಂದಳು ಲಗಮವ್ವ.

“ಮುಂದ ಇಲ್ಲ ಯವ್ವಾ. ಹಾಡು ಮುಗೀತು.”

“ಓಣಿ ಮುಗದಿಲ್ಲಲಾ. ಬಾವಿ ದಾಟಿದ ಮ್ಯಾಲ ಮುರ್ತುಜಸಾಬನ ಗಾಜಿನ ಬಳಿ ಅಂಗಡಿ. ಅದನ್ನ ದಾಟಿದ್ರ ನಾ ಕಲತ ಸಾಲಿ.”

“ಎಲ್ಲಿ?”

ಲಗಮವ್ವ ಪರಾತದ ಹಿಟ್ಟನ್ನು ಅಂಗೈಯಿಂದ ಸಮ ಮಾಡಿದಳು. ತೋರುಬೆರಳಿಂದ ಒಂದು ಗೆರೆ ಎಳೆದಳು, ಅದರ ಬದಿಗೆ ಸಣ್ಣ ಸಣ್ಣ ಚೌಕಗಳನ್ನು ಒತ್ತಿದಳು. ವಿದ್ಯಾ ಬಗ್ಗಿ ನೋಡಿದಳು. ಬೆರಳು ಒಂದು ತಿರುವಿನಲ್ಲಿ ನಿಂತಿತು, ನೆನಪು ಮಾಡಿಕೊಳ್ಳುವವರ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಎಡಕ್ಕೆ ಹೊರಳಿತು.