ಸಾವಿನ ಮನೆಗೆ ಮೂರು ಚಾಪೆ

ಉನೈಸಿ ಹೆಣೆದ ಚಾಪೆಗೆ ರಾಕಿರಾಕಿಯ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ಅವಳ ಬುದ್ಧಿಗೆ ಅಷ್ಟು ಹೆಸರಿರಲಿಲ್ಲ. ಈ ಮಾತನ್ನು ಗಂಡ ಸಕಿಯುಸಿಯೇ ಊರೆಲ್ಲ ಆಡಿಕೊಂಡು ತಿರುಗುತ್ತಿದ್ದ. ಚಾಪೆಯ ಮೇಲೆ ಮಲಗುವುದೊಂದು ಬಿಟ್ಟರೆ ಬೇರೆ ಕೆಲಸ ಕಂಡ ಆಸಾಮಿಯಲ್ಲ ಅವನು.

ಉನೈಸಿಯ ಅಕ್ಕನ ಮಗಳು ಅರಿಯೆತಾ ಈಸ್ಟರ್ ಮುಗಿದ ವಾರ ನೌಸೋರಿಯ ಗಂಡನ ಮನೆಯಿಂದ ಬಸ್ಸು ಹತ್ತಿ ಬಂದಿಳಿದಳು. ಐದು ತಿಂಗಳ ಬಸುರಿ, ತುಟಿ ಒಡೆದಿತ್ತು.

"ಇನ್ನೊಂದ್ಸಲ ಅವನ ಕೈಗೆ ಸಿಕ್ರೆ ಹೊಟ್ಟೆಗೇ ಒದೀತಾನೆ ಚಿಕ್ಕಮ್ಮ," ಎಂದಳು.

ಚಂಡಮಾರುತದಲ್ಲಿ ಮನೆ ಹಾರಿಹೋದ ಮೇಲೆ ಉನೈಸಿಯವರು ಹಳೆಯ ಊರು ಬಿಟ್ಟು ಈ ಗುಡ್ಡಕ್ಕೆ ಬಂದಿದ್ದರು. ಅದು ಅರಿಯೆತಾಳ ಗಂಡ ಇಲೈತಿಯಾಗೆ ಗೊತ್ತಿರಲಿಲ್ಲ. ಅವಳ ಜೀವಕ್ಕಿದ್ದ ಬೇಲಿ ಅದೊಂದೇ.

ಬಂದ ಮಾರನೆಯ ದಿನವೇ ಅರಿಯೆತಾ ಚಿಕ್ಕಮ್ಮನ ಮೊಬೈಲ್ ಕಸಿದುಕೊಂಡು, ಅಂಗಡಿ ಕಸುಬಿನವರ ಆನ್‌ಲೈನ್ ಪಟ್ಟಿಯಲ್ಲಿ ಅವಳ ಚಾಪೆ ವ್ಯಾಪಾರದ ವಿಳಾಸವನ್ನು ಅಳಿಸಿದಳು. ಹೆಸರು, ಚಾಪೆಯ ಚಿತ್ರ, ಸಂದೇಶ ಕಳಿಸುವ ಜಾಗ ಇಷ್ಟೇ ಉಳಿದವು.

"ಯಾರಾದ್ರೂ ಮೊಟಕು ಲಿಂಕ್ ಕಳ್ಸಿದ್ರೆ ಒತ್ತಬೇಡ. ಉದ್ದ ಲಿಂಕಾದ್ರೆ ಎಲ್ಲಿಗ್ ಹೋಗುತ್ತೆ ಅಂತ ಹೆಸರಾದ್ರೂ ಕಾಣುತ್ತೆ. ಇದು ಮುಸುಕು ಹಾಕ್ಕೊಂಡು ಬಾಗಿಲು ತಟ್ಟೋ ಜಾತಿ."

"ಪಟ್ಟೀಲಿರೋ ಎಲ್ಲರದ್ದೂ ಮೊಟಕು ಲಿಂಕೇ ಕಣೇ! ಮೀನಿನವನದ್ದು, ಕೇಕ್ ಮಾಡೋಳದ್ದು, ನಮ್ಮ ಪಾದ್ರಿಗಳದ್ದೂ..."

"ಪಾದ್ರಿಗಳದ್ದೂ ಒತ್ತಬೇಡ."

ಉನೈಸಿ ನಕ್ಕು ಹೂಂ ಎಂದಳು. ಮೂರು ತಿಂಗಳು ಮಾತು ಉಳಿಸಿಕೊಂಡಳು ಕೂಡ.

ಒಂದು ಮಂಗಳವಾರ ಅರಿಯೆತಾ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಾಗ ಸಂದೇಶ ಬಂತು. "ಅಮ್ಮ ತೀರಿಹೋದಳು. ಶನಿವಾರ ಮಣ್ಣು. ಹೆಣದಡಿ ಹಾಸಲು ಇಂಥದ್ದೇ ಮೂರು ಚಾಪೆ ಬೇಕು, ಚಿತ್ರ ನೋಡಿ." ಕೆಳಗೆ ಏಳೆಂಟು ಅಕ್ಷರದ ಲಿಂಕು.

ಉನೈಸಿ ಹಿಂದೆಮುಂದೆ ನೋಡಿದಳು. ಯಾರ ಮನೆಯವರಪ್ಪಾ ಎಂದು ಕೇಳಬೇಕೆನಿಸಿತು. ಮರುಕ್ಷಣವೇ ನಾಚಿಕೆಯಾಯಿತು. ಹೆಣ ಮುಂದಿಟ್ಟುಕೊಂಡು ಕೂತವರ ಹತ್ತಿರ ಗುರುತಿನ ಚೀಟಿ ಕೇಳುತ್ತಾರೆಯೇ? ಸಾವಿನ ಮನೆಯವರು ಚಾಪೆ ಕೇಳಿದರೆ ಅವಳ ಅಜ್ಜಿ ತಾನು ಮಲಗಿದ್ದನ್ನೂ ಕೊಡವಿ ಕೊಟ್ಟವಳು. ಒತ್ತಿದಳು. ಚಾಪೆಯ ಚಿತ್ರವೇ ಬಂತು. ನೀವಿರುವ ಜಾಗ ತೋರಿಸಬಹುದೇ ಎಂದು ಮೊಬೈಲ್ ಕೇಳಿತು. ಗಾಡಿ ಬರಬೇಕಲ್ಲ ಪಾಪ, ಎಂದು ಅದನ್ನೂ ಒತ್ತಿದಳು.

ಅರಿಯೆತಾಳಿಗೆ ಹೇಳಲಿಲ್ಲ. ಹೇಳಿದರೆ ಬೈದಾಳೆಂಬ ಅಂಜಿಕೆ, ಅಷ್ಟೇ. ಕೂಡಿಟ್ಟಿದ್ದರಲ್ಲಿ ಅಂಚಿಗೆ ಬಣ್ಣದ ಉಣ್ಣೆ ಕಟ್ಟಿದ ಒಳ್ಳೆಯ ಮೂರನ್ನು ಆರಿಸಿ ಸುತ್ತಿಟ್ಟಳು.

ಶುಕ್ರವಾರ ಮಧ್ಯಾಹ್ನ ಸಣ್ಣ ಲಾರಿಯೊಂದು ಗುಡ್ಡ ಹತ್ತಿತು. ಉನೈಸಿ ಚಾಪೆ ಹೊತ್ತು ಅಂಗಳಕ್ಕೆ ಬಂದಳು. ಲಾರಿಯಿಂದ ಇಲೈತಿಯಾ ಇಳಿದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಅವನ ಹಿಂದೆ, ಮೊಣಕಾಲು ಹಿಡಿದುಕೊಂಡು, ಅವನ ತಾಯಿ. ಮದುವೆಯಲ್ಲಿ ಉನೈಸಿಯ ಪಕ್ಕದಲ್ಲೇ ಕೂತು ಉಂಡಿದ್ದ ಹೆಂಗಸು. ಹೊತ್ತಿದ್ದ ಚಾಪೆಗಳನ್ನು ಉನೈಸಿ ಅಂಗಳದಲ್ಲೇ ಕೆಡವಿದಳು.

ಇಲೈತಿಯಾ ಒಳಗೆ ಬಂದು, ಸಕಿಯುಸಿ ಮತ್ತು ನೆರೆಯ ಗಂಡಸರ ಮುಂದೆ ನೆಲದ ಮೇಲೆ ಕೂತು, ತಲೆ ತಗ್ಗಿಸಿ, ತಬುವಾ ಎತ್ತಿ ಹಿಡಿದ. ಎಣ್ಣೆ ಮೆತ್ತಿದ ಆ ತಿಮಿಂಗಿಲದ ಹಲ್ಲು ಮುಂದಿಟ್ಟು ಕ್ಷಮೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸಿದ ಗಂಡಸು ಆ ಸೀಮೆಯಲ್ಲಿ ಹುಟ್ಟಿದ್ದು ಕಡಿಮೆ. ಹುಟ್ಟಿದ್ದರೂ ಅವನ ಹೆಸರು ಸಕಿಯುಸಿಯಲ್ಲ.

"ತಗೋಬೇಡಿ!" ಹಿಂದೆ ಕೂತಿದ್ದ ಉನೈಸಿ ಕೂಗಿದಳು. ಹೆಂಗಸರು ಬಾಯಿ ಬಿಡುವ ಹೊತ್ತಲ್ಲ ಅದು. "ಹೆತ್ತ ತಾಯಿ ಸತ್ತಳು ಅಂತ ಬರೆದು ನಮ್ಮನ್ನ ಹುಡುಕ್ದೋನು ಇವನು! ಕೇಳಿ ಅಕ್ಕ, ನಿಮ್ಮ ಮಗ ನಿಮ್ಮನ್ನ ಕೊಂದು ಬಂದಿದಾನೆ!"

ಮುದುಕಿ ಮೊಣಕಾಲು ನೀವಿಕೊಳ್ಳುತ್ತಲೇ ಇದ್ದಳು.

"ಹಾಗೆ ಬರಿ ಅಂದಿದ್ದು ನಾನೇ ತಂಗಿ. ಸಾವು ಅಂದ್ರೆ ನೀನು ಇಲ್ಲ ಅನ್ನಲ್ಲ ಅಂತ ನಂಗೊತ್ತಿತ್ತು. ನನ್ನ ಮೊಮ್ಮಗು ನಮ್ಮನೇಲಿ ಹುಟ್ಬೇಕು."

ಸಕಿಯುಸಿ ಎರಡೂ ಕೈ ಚಾಚಿ ಹಲ್ಲು ತೆಗೆದುಕೊಂಡ. ಗಂಡಸರು ಒಪ್ಪಿಗೆಯ ಚಪ್ಪಾಳೆ ತಟ್ಟಿದರು. ಹಲ್ಲು ತೆಗೆದುಕೊಂಡ ಮೇಲೆ ಹುಡುಗಿಯನ್ನು ಕಳಿಸಲೇಬೇಕು; ಅಲ್ಲಿಗೆ ಮುಗಿಯಿತು.

ಅರಿಯೆತಾ ಒಳಗಿನಿಂದ ಬಟ್ಟೆಯ ಗಂಟು ಹಿಡಿದು ಬಂದಳು. ಅಳಲಿಲ್ಲ.

"ಯಾವತ್ತು ಒತ್ತಿದ್ದು?"

"ಮಂಗಳವಾರ."

"ಅವತ್ತೇ ಹೇಳಿದ್ರೆ ಬುಧವಾರದ ಬಸ್ಸು ಹತ್ತಿರ್ತಿದ್ದೆ ಚಿಕ್ಕಮ್ಮ."

ಒತ್ತಿದ ಬೆರಳಿನ ಮೇಲಲ್ಲ, ಅದನ್ನು ಹೇಳದ ನಾಲಿಗೆಯ ಮೇಲೆ ಉನೈಸಿಗೆ ಹೇಸಿಗೆಯಾಯಿತು. ಅರಿಯೆತಾ ಲಾರಿ ಹತ್ತಿದಳು. ಉನೈಸಿ ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಹತ್ತಿ ಅವಳನ್ನು ಒತ್ತಿ ಕೂತಳು.

"ಇಳಿಯೇ, ಮಾನ ಕಳೀಬೇಡ!" ಸಕಿಯುಸಿ ಅಂಗಳದಿಂದ ಚೀರಿದ.

"ನಮ್ಮನೇಲಿ ಜಾಗ ಇಲ್ಲ ತಂಗಿ," ಎಂದಳು ಮುದುಕಿ.

"ಹೊಸ್ತಿಲಲ್ಲಿ ಮಲಗ್ತೀನಿ," ಎಂದಳು ಉನೈಸಿ. "ಒದೆಯೋನು ನನ್ನ ದಾಟ್ಕೊಂಡು ಹೋಗ್ಲಿ."

ಇಲೈತಿಯಾ ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕು, ಗಾಡಿ ಹೊರಡಿಸಿದ.