ಹಾಕದೆ ಹೋದ ನಕ್ಷತ್ರಗಳು

"ನಿಲ್ಲಿ, ನಿಲ್ಲಿ, ನನ್ನ ತಮ್ಮ ಜಾರ್ತಿದ್ದಾನೆ," ಎಂದು ಆರ್ಚ್ ಗೊಣಗಿದ. ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಅವನೇ ಗಿಡ್ಡ, ಪೆಟ್ಟಿಗೆ ಅವನ ಕಡೆಗೇ ವಾಲಿತ್ತು. ಪ್ರಾರ್ಥನಾ ಮಂದಿರದ ಕೊನೆಯ ಸಾಲಿನವರೆಗೂ ಮಾತು ಕೇಳಿಸಿ, ಒಂದಿಬ್ಬರು ನಗು ತಡೆಯಲಾರದೆ ಕೆಮ್ಮಿದಂತೆ ಮಾಡಿದರು. ಅದೇ ಹೊತ್ತಿಗೆ ಮೊಯ್ರಾ ಕ್ವಿಲ್ಟಿಯ ಚೀಲದೊಳಗೆ ಫೋನು ಗುರುಗುಟ್ಟಿತು. ಅವಳು ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ಏನೂ ಆಗದವಳಂತೆ ಮುಂದೆ ನೋಡಿದಳು. ಬೆಳಗಿನಿಂದ ಇದು ನಾಲ್ಕನೆಯ ಕರೆ.

ಪೆಟ್ಟಿಗೆಯಲ್ಲಿದ್ದವನು ಕ್ಲೈವ್ ಪೆಂಡ್ರಿ. ಹೋಬಾರ್ಟಿನ ಪತ್ರಿಕೆಯಲ್ಲಿ ಇಪ್ಪತ್ತೊಂಬತ್ತು ವರ್ಷ, ಪ್ರತಿ ಶನಿವಾರ, ಟಿವಿಯ ಹೊಸ ಧಾರಾವಾಹಿಗಳ ಬಗ್ಗೆ ಬರೆದವನು. ಆ ಪುಟವನ್ನು ಜೋಡಿಸುವವಳು ಮೊಯ್ರಾ. ಶುಕ್ರವಾರ ಕ್ಲೈವ್ ತನ್ನ ಅಂಕಣ ಕಳಿಸಿದ, ಶನಿವಾರ ಮಧ್ಯಾಹ್ನ ಹೃದಯ ನಿಂತು ಸತ್ತ. ಇವತ್ತು ಗುರುವಾರ. ಸಂಜೆ ನಾಲ್ಕಕ್ಕೆ ಪುಟ ಅಚ್ಚಿಗೆ ಹೋಗಬೇಕು, ಅಂಕಣಕ್ಕೆ ನಕ್ಷತ್ರಗಳಿರಲಿಲ್ಲ.

ಅದು ಅವನ ಪದ್ಧತಿ. ವಾಹಿನಿಯವರು ಹೊಸ ಧಾರಾವಾಹಿಯ ಮೊದಲ ಎರಡು ಕಂತುಗಳನ್ನು ಡಿಸ್ಕಿನಲ್ಲಿ ಮುಂಚಿತವಾಗಿ ಕಳಿಸುತ್ತಿದ್ದರು. ಕ್ಲೈವ್ ಮೊದಲನೆಯದನ್ನು ನೋಡಿ ಬರೆದು ಕಳಿಸುವನು. ಎರಡನೆಯದನ್ನು ನೋಡಿ, ಕೆಲವು ದಿನ ಮನಸ್ಸಿನಲ್ಲಿ ಹೊರಳಾಡಿಸಿ, ಗುರುವಾರ ಬೆಳಿಗ್ಗೆ ಫೋನು ಮಾಡಿ ಐದಕ್ಕೆ ಎಷ್ಟು ನಕ್ಷತ್ರ ಎಂದು ಹೇಳುವನು. ಟಿಪ್ಪಣಿ ಬರೆದುಕೊಳ್ಳುವ ಅಭ್ಯಾಸವಿರಲಿಲ್ಲ. ಎಲ್ಲ ತಲೆಯಲ್ಲಿ. ಆ ತಲೆ ಈಗ ಆರ್ಚ್‌ನ ಹೆಗಲ ಮೇಲೆ ವಾಲಿಕೊಂಡು ಹೋಗುತ್ತಿತ್ತು.

ಕಾರ್ಯಕ್ರಮ ಮುಗಿದು ಎಲ್ಲರೂ ಹೊರಗೆ ಬಂದಾಗ ಕೊಲ್ಲಿಯ ಗಾಳಿ ಹೆಂಗಸರ ಟೋಪಿಗಳನ್ನು ಕಿತ್ತುಕೊಳ್ಳುವಂತಿತ್ತು. ಮೊಯ್ರಾ ಒಂದು ಮರದ ಮರೆಗೆ ಹೋಗಿ ಫೋನು ಎತ್ತಿದಳು. ಪುರವಣಿಯ ಹೊಸ ಸಂಪಾದಕ ಡ್ಯಾರಿಲ್ ಮೊದಲು ಸಂತಾಪ ಹೇಳಿದ, ಆಮೇಲೆ ವಿಷಯಕ್ಕೆ ಬಂದ. ಅಂಕಣ ಓದಿದರೆ ಎರಡು ನಕ್ಷತ್ರ ಅನ್ನಿಸುತ್ತೆ, ಎರಡು ಹಾಕಿಬಿಡೋಣವೇ, ಇಲ್ಲವಾದರೆ ಇರುವ ಮೂರೇ ಇರಲಿ ಎಂದ. ಪುಟದ ಅಚ್ಚಿನಲ್ಲಿ ಮೂರು ನಕ್ಷತ್ರ ಮೊದಲೇ ಕೂತಿರುತ್ತವೆ. ಯಾರೂ ಬದಲಾಯಿಸದಿದ್ದರೆ ಮೂರೇ ಮುದ್ರಣವಾಗುತ್ತವೆ.

"ಮೂರು ಬೇಡ," ಎಂದಳು ಮೊಯ್ರಾ. ನಾಲ್ಕಕ್ಕೆ ಮುಂಚೆ ತಾನೇ ಹೇಳುತ್ತೇನೆಂದು ಫೋನಿಟ್ಟಳು. ಯಾವ ಧೈರ್ಯದಿಂದ ಹಾಗೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

ತಿರುಗಿದರೆ ಮರದ ಆಚೆ ಟೆಸ್ಸಾ ವಾರ್ಬಿ ನಿಂತಿದ್ದಳು. ಕ್ಲೈವನ ಕೊನೆಯ ಅಂಕಣ ಹ್ಯುವಾನ್ ಕಣಿವೆಯ ಸೇಬಿನ ಶೆಡ್ಡುಗಳ ಕತೆಯ ಒಂದು ಧಾರಾವಾಹಿಯ ಬಗ್ಗೆ, ಅದನ್ನು ಬರೆದವಳು ಅವಳೇ. ಭಾನುವಾರ ಅದರ ಮೊದಲ ಕಂತು. ನಕ್ಷತ್ರದ ವಾಸನೆ ಹಿಡಿದು ಹೆಣದ ಹತ್ತಿರವೂ ಬಂದಿದ್ದಾಳೆ ಎಂದು ಆರ್ಚ್ ಆಗಲೇ ನಾಲ್ಕು ಜನಕ್ಕೆ ಹೇಳಿಯಾಗಿತ್ತು.

"ನಾನು ಅದಕ್ಕೆ ಬಂದಿಲ್ಲ," ಎಂದಳು ಟೆಸ್ಸಾ. ಆಮೇಲೆ ತಾನೇ ತಿದ್ದಿಕೊಂಡು, "ಸುಳ್ಳು. ಅದಕ್ಕೂ ಬಂದಿದ್ದೀನಿ. ಹಿಂದಿನ ಸಲ ನನಗೆ ಒಂದೂವರೆ ಕೊಟ್ರು. ಬೈದದ್ದೆಲ್ಲಾ ಸರಿಯಾಗೇ ಇತ್ತು, ಅದೇ ಹೊಟ್ಟೆ ಉರಿ. ಈ ಸಲ ಏನಂದ್ರು ಅಂತ ಗೊತ್ತಾಗದೇ ಹೋದ್ರೆ ನಾನು ಹೇಗೆ ತಡ್ಕೊಳ್ಳಲಿ?" ಎಂದಳು.

ಕ್ಲೈವನ ಮನೆಗೆ ಹೊರಟ ಮೊಯ್ರಾ ಅವಳನ್ನು ತನ್ನ ಕಾರಿಗೇ ಹತ್ತಿಸಿಕೊಂಡಳು.

*

ಹದಿನಾರು ವರ್ಷಗಳ ಹಿಂದೆ ಒಂದು ಗುರುವಾರ ಮೊಯ್ರಾ ಬಂದರುಕಟ್ಟೆಯ ಮೇಲೆ ಕೂತು ಬಿಸಿ ಪೈ ತಿನ್ನುತ್ತಿದ್ದಳು. ಬಿಸಿಲು ಚೆನ್ನಾಗಿತ್ತು, ಹತ್ತು ನಿಮಿಷ ಎಂದು ಹೋದವಳು ಮುಕ್ಕಾಲು ಗಂಟೆ ಕೂತಳು. ಅಷ್ಟರಲ್ಲಿ ಅವಳ ಮೇಜಿನ ಮೇಲೆ ಫೋನು ಮೂರು ಸಲ ಬಡಿದುಕೊಂಡು ಸುಮ್ಮನಾಗಿತ್ತು. ಅವಳು ಬಂದು, ಕ್ಲೈವ್ ಆಮೇಲೆ ಮಾಡುತ್ತಾನೆ ಎಂದುಕೊಂಡಳು. ಅವನು, ಅವಳೇ ಹುಡುಕಿ ಫೋನು ಮಾಡುತ್ತಾಳೆ ಎಂದುಕೊಂಡು, ಹೆಂಡತಿ ಎಲ್ವಾಳ ಜೊತೆ ಆಕೆಯ ಅಕ್ಕನ ಊರಿಗೆ ಹೊರಟುಹೋಗಿದ್ದ. ಪುಟ ಮೂರು ನಕ್ಷತ್ರಗಳೊಂದಿಗೆ ಹೋಯಿತು.

ದೀಪಸ್ತಂಭ ಕಾಯುವ ಒಂದು ಕುಟುಂಬದ ಕತೆ ಅದು. ಕ್ಲೈವ್ ಅದಕ್ಕೆ ಕೊಡಬೇಕೆಂದಿದ್ದದ್ದು ನಾಲ್ಕೂವರೆ. ಅದಕ್ಕಿಂತ ಹೆಚ್ಚು ಅವನು ಯಾರಿಗೂ ಕೊಟ್ಟವನಲ್ಲ. ಜನ ನಕ್ಷತ್ರ ನೋಡುತ್ತಾರೆ, ಅಕ್ಷರ ಯಾರು ಓದುತ್ತಾರೆ? ಮೂರೇ ವಾರಕ್ಕೆ ವಾಹಿನಿ ಅದನ್ನು ನಿಲ್ಲಿಸಿತು. ಆ ಮೂರು ನಕ್ಷತ್ರದಿಂದಲೇ ನಿಂತಿತೆಂದು ಯಾರೂ ಹೇಳುವ ಹಾಗಿರಲಿಲ್ಲ, ಅಲ್ಲ ಎನ್ನುವ ಹಾಗೂ ಇರಲಿಲ್ಲ.

ಪುಟ ಅಚ್ಚಾದ ಮರುಸೋಮವಾರವೇ ಕ್ಲೈವ್ ಅವಳ ಮೇಜಿನ ಹತ್ತಿರ ಬಂದಿದ್ದ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಮೂರು ಅಂದ್ರೆ ಏನು ಗೊತ್ತಾ, ಮೊಯ್ರಾ? ಒಂದು ಕೊಟ್ರೆ ಜಗಳ ಆಡಿದ ಹಾಗೆ. ನಾಲ್ಕು ಕೊಟ್ರೆ ಕೈ ಕುಲುಕಿದ ಹಾಗೆ. ಮೂರು ಅಂದ್ರೆ ಆ ಮನೆಗೇ ಹೋಗಿಲ್ಲ ಅಂತ."

ತಿದ್ದುಪಡಿ ಹಾಕಿ ಎಂದು ಅವನು ಆಗಿನ ಸಂಪಾದಕರನ್ನು ಕೇಳಿದ. ನಕ್ಷತ್ರ ಎಂದರೆ ಅಭಿಪ್ರಾಯ, ಅಭಿಪ್ರಾಯಕ್ಕೆ ತಿದ್ದುಪಡಿ ಇಲ್ಲ ಎಂದು ಅವರು ಹೇಳಿಕಳಿಸಿದರು. ಫೋನು ಎತ್ತದೆ ಇದ್ದವರು ಯಾರು ಎಂದು ಅವರು ಕೇಳಿದ್ದಕ್ಕೆ ಕ್ಲೈವ್ ತಾನೇ ಫೋನು ಮಾಡಲು ಮರೆತೆ ಎಂದನಂತೆ. ಅದನ್ನು ಮೊಯ್ರಾ ಬೇರೆಯವರಿಂದ ತಿಳಿದುಕೊಂಡಳು. ಆಮೇಲೆ ಒಂದು ಗುರುವಾರವೂ ಅವಳು ಮೇಜು ಬಿಟ್ಟು ಎದ್ದಿಲ್ಲ.

*

ಕ್ಲೈವನ ಮನೆ ತುಂಬ ಜನ. ನೆರೆಮನೆಯವರು ತಂದ ಸ್ಯಾಂಡ್‌ವಿಚ್ಚು, ಸಾಸೇಜ್ ರೋಲು, ಕೊಬ್ಬರಿ ಹಚ್ಚಿದ ಲ್ಯಾಮಿಂಗ್ಟನ್ ಕೇಕುಗಳು ಮೇಜಿನ ಮೇಲೆ ಒತ್ತಿಕೊಂಡಿದ್ದವು. ಆರ್ಚ್ ಒಂದು ಕೈಯಲ್ಲಿ ಬಿಯರ್ ಹಿಡಿದು, ತಮ್ಮನಿಗೆ ಚಿಕ್ಕಂದಿನಲ್ಲೂ ಇದೇ ಬುದ್ಧಿ, ಅಮ್ಮನ ಸೂಪಿಗೂ ಎರಡೂವರೆ ಕೊಟ್ಟು ಏಟು ತಿಂದಿದ್ದ ಎಂದು ಹೇಳುತ್ತಿದ್ದ. ಜನ ನಗುತ್ತಿದ್ದರು. ಮೊಯ್ರಾಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಚಹಾ ಸುರಿದುಕೊಂಡಳು, ಕುಡಿಯದೆ ಇಟ್ಟಳು, ಗಡಿಯಾರ ನೋಡಿದಳು, ಮತ್ತೊಂದು ಚಹಾ ಸುರಿದುಕೊಂಡಳು. ಮೂರು ಗಂಟೆ ದಾಟಿತ್ತು.

ಅಂಕಣ ಅವಳ ಚೀಲದಲ್ಲೇ ಇತ್ತು. ಮಣ್ಣು ಮೆಟ್ಟದ ಬೂಟು ಹಾಕಿಕೊಂಡು ಹ್ಯುವಾನಿನಲ್ಲಿ ಸೇಬು ಕೀಳುವವರನ್ನು ನಾನು ಈವರೆಗೆ ಕಂಡಿಲ್ಲ ಎಂದು ಕ್ಲೈವ್ ಬರೆದಿದ್ದ. ನಾಯಕ ಸಿಡ್ನಿಯ ಟ್ಯಾಕ್ಸಿಯಿಂದ ಈಗಷ್ಟೇ ಇಳಿದವನಂತೆ ಮಾತಾಡುತ್ತಾನೆ ಎಂದೂ ಬರೆದಿದ್ದ. ಓದಿದವರು ಯಾರಾದರೂ ಎರಡೇ ಅನ್ನುತ್ತಾರೆ. ಆದರೆ ಅದು ಮೊದಲ ಕಂತಿನ ಮಾತು. ಎರಡನೆಯದನ್ನು ನೋಡಿದ ಮೇಲೆ ಅವನು ಮಾತು ಬದಲಾಯಿಸಿದ್ದು ಎಷ್ಟು ಸಲವಿಲ್ಲ?

ಎಲ್ವಾ ಜನರ ನಡುವೆ ಇರಲಿಲ್ಲ. ಕ್ಲೈವ್ ಟಿವಿ ನೋಡುತ್ತಿದ್ದ ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಎಪ್ಪತ್ತರ ಆ ಹೆಂಗಸು ಕಾವಲುಗಾರಳಂತೆ ನಿಂತಿದ್ದಳು. ಯಾರಾದರೂ ಆ ಕಡೆ ಬಂದರೆ ಒಳಗೆ ಹೀಟರ್ ಕೆಟ್ಟಿದೆ ಎಂದು ವಾಪಸು ಕಳಿಸುತ್ತಿದ್ದಳು.

ಮೊಯ್ರಾ ಹತ್ತಿರ ಹೋಗಿ, ನಾಚಿಕೆ ಬಿಟ್ಟು ವಿಷಯ ಹೇಳಿದಳು. ಎರಡನೆಯ ಕಂತಿನ ಬಗ್ಗೆ ಕ್ಲೈವ್ ಏನಾದರೂ ಅಂದಿದ್ದನೇ ಎಂದು ಕೇಳಿದಳು. ಎಲ್ವಾ ಬಾಗಿಲು ತೆಗೆದು, ಅವಳನ್ನು ಒಳಗೆ ಎಳೆದುಕೊಂಡು, ಮತ್ತೆ ಮುಚ್ಚಿದಳು.

ಕೋಣೆಯಲ್ಲಿ ಒಂದು ಹಳೆಯ ಕುರ್ಚಿ, ಒಂದು ಟಿವಿ. ಟಿವಿ ಆರಿತ್ತು. ಕೆಳಗಿನ ಡಿಸ್ಕಿನ ಯಂತ್ರದಲ್ಲಿ ಮಾತ್ರ ಓಡದೆ ನಿಂತ ಹಸಿರು ಅಂಕಿ ಉರಿಯುತ್ತಿತ್ತು. ಮೂವತ್ತೊಂದು ನಿಮಿಷ, ಎಂಟು ಸೆಕೆಂಡು.

"ಅವತ್ತು ಬಂದವರು ಯಾರೋ ಟಿವಿ ಆರಿಸಿದ್ರು, ನಾನು ತೆರೆ ನೋಡ್ಲೇ ಇಲ್ಲ. ಯಂತ್ರ ಶನಿವಾರದಿಂದ ಹಾಗೇ ಇದೆ. ನಾನು ಮುಟ್ಟಿಲ್ಲ," ಎಂದಳು ಎಲ್ವಾ.

ಮೊಯ್ರಾಗೆ ಆಶ್ಚರ್ಯವಾಯಿತು. ನೋಡುವಾಗ ನಡುವೆ ನಿಲ್ಲಿಸುವುದು ಕ್ಲೈವನ ಪಾಲಿಗೆ ದೊಡ್ಡ ತಪ್ಪು. ಮನೆಯಲ್ಲಿ ಕೂತು ನೋಡುವವರಿಗೆ ಯಾರೂ ನಿಲ್ಲಿಸಿಕೊಡುವುದಿಲ್ಲ, ನನಗೇಕೆ ಆ ಸವಲತ್ತು ಎನ್ನುತ್ತಿದ್ದ. ಮೂತ್ರಕ್ಕೂ ಏಳುತ್ತಿರಲಿಲ್ಲ.

ಎಲ್ವಾ ಕುರ್ಚಿಯ ತೋಳನ್ನು ಹಿಡಿದುಕೊಂಡಳು. "ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ದೆ ಕಣೇ. ಎಲ್ವಾ, ಸ್ವಲ್ಪ ಬಾ ಇಲ್ಲಿ ಅಂದ. ಅಷ್ಟೇ. ಅವನು ಕೆಲಸದಲ್ಲಿದ್ದಾಗ ನನ್ನನ್ನ ಯಾವತ್ತೂ ಕರೆದವನಲ್ಲ. ನಾನು ಏನಂದೆ ಗೊತ್ತಾ? ಕೈಯಲ್ಲಿ ಒದ್ದೆ ಹಾಸು ಇದೆ, ನಿನ್ನ ಟಿವಿ ಎಲ್ಲಿಗೂ ಓಡಿಹೋಗಲ್ಲ, ಇರು ಅಂದೆ. ಎಲ್ಲಾ ಹಾಸೂ ಹಾಕಿ, ಸುಕ್ಕು ಬಿಡಿಸಿ, ಆಮೇಲೆ ಬಂದೆ."

ಐದು ದಿನದಿಂದ ಯಾರ ಹತ್ತಿರವೂ ಬಿಡದ ಮಾತು ಅದು. "ಎದೆ ನೋವಿಗೆ ಕರೆದನಾ, ಏನಾದ್ರೂ ತೋರಿಸೋಕೆ ಕರೆದನಾ? ಟಿವಿ ಹಾಕಿದ್ರೆ ಗೊತ್ತಾಗುತ್ತೆ ಅನ್ಸುತ್ತೆ. ಅಲ್ಲಿ ತೋರಿಸೋವಂಥದ್ದು ಏನೂ ಇಲ್ಲದೇ ಇದ್ರೆ?"

ಮೊಯ್ರಾಗೆ ನಕ್ಷತ್ರದ ಮಾತು ಎತ್ತಿದ್ದಕ್ಕೇ ಹೇಸಿಗೆಯಾಯಿತು. ಬೇಡ ಬಿಡಿ, ಹಾಗೇ ಇರಲಿ ಎನ್ನಲು ಬಾಯಿ ತೆರೆದಳು. ಆದರೆ ಈ ಹೆಂಗಸು ಇನ್ನೆಷ್ಟು ದಿನ ಈ ಬಾಗಿಲು ಕಾಯಬೇಕು? ಅವಳು ಎಲ್ವಾಳನ್ನು ಕುರ್ಚಿಯಲ್ಲಿ ಕೂರಿಸಿ, ಟಿವಿಯ ಗುಂಡಿ ಒತ್ತಿದಳು.

ತೆರೆಯ ತುಂಬ ಎರಡು ಕೈಗಳು. ಮುದುಕಿಯ ಕೈಗಳು, ಅಂಗೈಯಲ್ಲಿ ಒಂದು ಸೇಬು, ಅದರ ಸುತ್ತ ಅರ್ಧ ಸುತ್ತಿದ ತೆಳು ಕಾಗದ. ಕಾಗದಕ್ಕೆ ತಿರುಚು ಬೀಳುವುದಕ್ಕೆ ಒಂದು ಗಳಿಗೆ ಮುಂಚೆ ಕೈಗಳು ನಿಂತುಹೋಗಿದ್ದವು. ಮುಖವಿಲ್ಲ, ಅಳುವಿಲ್ಲ, ಕತೆಯ ತಿರುವೇನೂ ಇಲ್ಲ. ಇದನ್ನು ತೋರಿಸಲು ಯಾರು ಹೆಂಡತಿಯನ್ನು ಕರೆಯುತ್ತಾರೆ?

ಎಲ್ವಾ ಮುಂದಕ್ಕೆ ಬಾಗಿ ನೋಡಿದಳು.

"ಹೆಬ್ಬೆರಳಿಗೆ ರಬ್ಬರ್ ಟೋಪಿ ಹಾಕಿದ್ದಾಳೆ," ಎಂದಳು. "ಕಾಗದ ಕೈಗೆ ಅಂಟಲಿ ಅಂತ. ಇದನ್ನ ಇವರಿಗೆ ಯಾರು ಹೇಳಿದ್ರು?"

"ನಮ್ಮಜ್ಜಿ," ಎಂದು ಬಾಗಿಲಿನಿಂದ ದನಿ ಬಂತು. ಟೆಸ್ಸಾ ಯಾವಾಗ ಬಾಗಿಲು ತೆರೆದಳೋ ಇಬ್ಬರಿಗೂ ಗೊತ್ತಾಗಿರಲಿಲ್ಲ. "ಆ ಕೈ ಅವರದ್ದೇ. ನಟಿಗೆ ಬರಲಿಲ್ಲ, ಅದಕ್ಕೆ ಅಜ್ಜೀನೇ ಕೂರಿಸಿದ್ವಿ."

ಎಲ್ವಾ ಅವಳ ಕಡೆ ತಿರುಗಲಿಲ್ಲ. ಮದುವೆಗೆ ಮುಂಚೆ ತಾನು ಹ್ಯುವಾನ್ ಕಣಿವೆಯ ಫ್ರಾಂಕ್ಲಿನ್ ಊರಿನ ಶೆಡ್ಡಿನಲ್ಲಿ ನಾಲ್ಕು ಸುಗ್ಗಿ, ಕಾಗದ ಸುತ್ತಿ ಪೆಟ್ಟಿಗೆಗೆ ತುಂಬಿ, ಸೇಬು ಕಟ್ಟಿದ್ದನ್ನು ಮೊಯ್ರಾಗೆ ಹೇಳತೊಡಗಿದಳು. ಟಿವಿಯಲ್ಲಿ ಎಲ್ಲಿ ಸೇಬು ಕಟ್ಟುವುದು ಬಂದರೂ ತಪ್ಪೇ ತೋರಿಸುತ್ತಿದ್ದರಂತೆ, ಮಿಠಾಯಿ ಸುತ್ತಿದ ಹಾಗೆ. ಅವಳು ಅಡಿಗೆಮನೆಯಿಂದಲೇ ಬೈಯುತ್ತಿದ್ದಳಂತೆ, ಕ್ಲೈವ್ ನಗುತ್ತಿದ್ದನಂತೆ.

"ಸರಿಯಾಗಿದೆಯಾ ಅಂತ ಕೇಳೋಕೆ ಕರೆದಿದ್ದಾನೆ," ಎಂದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನನ್ನನ್ನೇ ಕೇಳ್ಬೇಕಾಗಿತ್ತು. ಅವನಿಗೆ ಗೊತ್ತಿರಲಿಲ್ಲ."

ನೋವು ಬಂದ ಮನುಷ್ಯನ ಕೈಯೂ ಗುಂಡಿಯ ಮೇಲೆ ಬೀಳಬಹುದು. ಮೊಯ್ರಾಗೆ ಅದು ಹೊಳೆಯಿತು, ಬಾಯಿಗೆ ತರಲಿಲ್ಲ.

ಫೋನು ಗುರುಗುಟ್ಟಿತು. ನಾಲ್ಕಕ್ಕೆ ಹತ್ತು ನಿಮಿಷ. ಎಷ್ಟು ಎಂದು ಡ್ಯಾರಿಲ್ ಕೇಳಿದ. ಬಾಗಿಲಲ್ಲಿದ್ದ ಟೆಸ್ಸಾ ಒಂದು ಹೆಜ್ಜೆ ಒಳಗೆ ಬಂದಳು.

"ನಕ್ಷತ್ರ ತೆಗೆದುಬಿಡಿ, ಆ ಮೂರೂ ತೆಗೀರಿ," ಎಂದಳು ಮೊಯ್ರಾ. "ಆ ಜಾಗದಲ್ಲಿ ಒಂದು ಸಾಲು ಹಾಕಿ, ಬರ್ಕೊಳ್ಳಿ. ಎರಡನೆಯ ಕಂತನ್ನು ಕ್ಲೈವ್ ಪೆಂಡ್ರಿ ಮೂವತ್ತೊಂದನೆಯ ನಿಮಿಷದಲ್ಲಿ ನಿಲ್ಲಿಸಿ, ಬಂದು ನೋಡು ಎಂದು ಹೆಂಡತಿಯನ್ನು ಕರೆದರು."

ಇದು ವಿಮರ್ಶೆಯಲ್ಲ ಎಂದು ಡ್ಯಾರಿಲ್ ರಾಗ ತೆಗೆದ. ಅಭಿಪ್ರಾಯವಂತೂ ಹೌದಲ್ಲ ಎಂದು ಮೊಯ್ರಾ ಹೇಳಿದಳು.

"ನಾನು ಬರಲಿಲ್ಲ ಅಂತಾನೂ ಹಾಕು," ಎಂದಳು ಎಲ್ವಾ.

ಮೊಯ್ರಾ ಫೋನನ್ನು ಎದೆಗೆ ಒತ್ತಿಕೊಂಡು ಅವಳನ್ನೇ ನೋಡಿದಳು. ತಮಾಷೆಯ ಮಾತಾಗಿರಲಿಲ್ಲ. ಐದು ದಿನ ಯಾರೂ ಅವಳನ್ನು ಬೈದಿರಲಿಲ್ಲ, ಅದೇ ಅವಳಿಗೆ ತಡೆಯಲಾಗದೆ ಹೋಗಿತ್ತು. ಫೋನು ಮತ್ತೆ ಕಿವಿಗಿಟ್ಟು ಮೊಯ್ರಾ ನಿಧಾನವಾಗಿ ಹೇಳಿದಳು: "ಇನ್ನೊಂದು ಸಾಲಿದೆ. ಅವರು ಗುರುವಾರ ಬಂದು ನೋಡಿದರು. ಸರಿಯಾಗಿದೆ ಎಂದರು."

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. ಮೊಯ್ರಾ ಫೋನಿಟ್ಟಳು.

ಎಲ್ವಾ ರಿಮೋಟು ಹುಡುಕಿ ಗುಂಡಿ ಒತ್ತಿದಳು. ತೆರೆಯ ಮೇಲೆ ತಿರುಚು ಬಿತ್ತು, ಸೇಬು ಪೆಟ್ಟಿಗೆಗೆ ಹೋಯಿತು, ಇನ್ನೊಂದು ಬಂತು. ಟೆಸ್ಸಾ ತಾನು ಬರೆದದ್ದನ್ನು ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಕಪ್ಪು ಉಡುಪಿನ ಮಡಿಲಿನ ಮೇಲೆ ಎಲ್ವಾಳ ಕೈಗಳು ಎದ್ದಿದ್ದವು. ಎಡಗೈ ಇಲ್ಲದ ಕಾಗದವನ್ನು ಎತ್ತುತ್ತಿತ್ತು, ಬಲಗೈ ಇಲ್ಲದ ಹಣ್ಣನ್ನು ಅದರೊಳಗೆ ಹಾಕುತ್ತಿತ್ತು, ಒಂದು ಸುತ್ತು, ಒಂದು ತಿರುಚು, ತಿರುಚಿದ್ದು ಕೆಳಗೆ, ಮತ್ತೊಂದು. ತೆರೆಯ ಮೇಲಿನ ಮುದುಕಿಗಿಂತ ಅವಳೇ ವೇಗವಾಗಿದ್ದಳು.